ಬ್ಯಾಟರಿ ಹೋಗಿದೆಯಾ, ಬರೀ ಡೌನ್ ಆಗಿದೆಯಾ? ಮನೆಯಲ್ಲೇ ನೋಡಿಕೊಳ್ಳುವ ಬಗೆ

ಊರಿನ ಮದುವೆಗೆ ಹೋಗಿದ್ದೆವು. ಕಾರು ಹತ್ತು ದಿನ ಬೇಸ್‌ಮೆಂಟಿನಲ್ಲೇ ನಿಂತಿತ್ತು. ಬಂದ ಮಾರನೇ ಬೆಳಿಗ್ಗೆ ಕೀ ತಿರುಗಿಸಿದರೆ ಒಂದೇ ಸದ್ದು: ಟಕ್. ಮತ್ತೆ ತಿರುಗಿಸಿದೆ. ಟಕ್. ಡ್ಯಾಶ್‌ಬೋರ್ಡಿನ ದೀಪಗಳು ಒಮ್ಮೆ ಮಂಕಾಗಿ ಮತ್ತೆ ಹೊತ್ತಿಕೊಂಡವು. ಹತ್ತಿರದ ಅಂಗಡಿಯಿಂದ ಬಂದ ಹುಡುಗ ಬಾನೆಟ್ ಎತ್ತಿ ಬಗ್ಗಿ ನೋಡಿದ, ಏನನ್ನೂ ಮುಟ್ಟಲಿಲ್ಲ. "ಬ್ಯಾಟರಿ ಹೋಗಿದೆ ಸರ್. ಮೂರು ವರ್ಷ ಆಯ್ತಲ್ಲ, ಹೊಸದು ಹಾಕ್ಬಿಡಿ" ಅಂದ.

ಅವನು ಹೇಳಿದ್ದರಲ್ಲಿ ಅರ್ಥವಿಲ್ಲದೇ ಇಲ್ಲ. ನಮ್ಮ ಕಡೆ ಕಾರಿನ ಬ್ಯಾಟರಿ ಮೂರರಿಂದ ಐದು ವರ್ಷ ಬಾಳುವುದು ಸಾಮಾನ್ಯ. ಆದರೂ ಮನೆಯಲ್ಲಿ ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಇತ್ತು, ಭಾನುವಾರವೂ ಆಗಿತ್ತು. ನೋಡಿಯೇ ಬಿಡೋಣ ಎಂದುಕೊಂಡೆ. ಆ ದಿನ ಏನು ಸಿಕ್ಕಿತು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಕ್ರಮ ತಿಳಿಯೋಣ.

ಇಲ್ಲಿ ಹೇಳುತ್ತಿರುವುದು ಪೆಟ್ರೋಲ್, ಡೀಸೆಲ್ ಕಾರುಗಳ 12 ವೋಲ್ಟಿನ ಸೀಸ-ಆಸಿಡ್ ಬ್ಯಾಟರಿಯ ವಿಷಯ ಮಾತ್ರ. ಎಲೆಕ್ಟ್ರಿಕ್ ಕಾರಿನಲ್ಲೂ ಹೈಬ್ರಿಡ್‌ನಲ್ಲೂ ಇಂಥದೊಂದು ಚಿಕ್ಕ ಬ್ಯಾಟರಿ ಇರುತ್ತದೆ. ಆದರೆ ಅವುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಅದರ ತಂಟೆಗೆ ಹೋಗಬೇಡಿ. ಅದರಲ್ಲಿ ಹರಿಯುವ ವೋಲ್ಟೇಜ್ ಜೀವ ತೆಗೆಯುತ್ತದೆ. ಅದು ತರಬೇತಿ ಪಡೆದವರ ಕೆಲಸ.

ಮುಟ್ಟುವ ಮೊದಲು

12 ವೋಲ್ಟ್ ಒಣ ಕೈಗೆ ಶಾಕ್ ಹೊಡೆಯುವುದಿಲ್ಲ. ಹಾಗಾಗಿ ಜನರಿಗೆ ಸಲಿಗೆ ಜಾಸ್ತಿ. ಅಪಾಯ ಇರುವುದು ಬೇರೆ ಮೂರು ಕಡೆ.

ಒಂದು, ಗ್ಯಾಸ್. ಬ್ಯಾಟರಿ ಚಾರ್ಜ್ ಆಗುವಾಗ ಒಳಗಿನ ನೀರು ಒಡೆದು ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಸೇರಿದರೂ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಬ್ಯಾಟರಿ ಸಿಡಿದರೆ ಪ್ಲಾಸ್ಟಿಕ್ ಚೂರುಗಳ ಜೊತೆ ಆಸಿಡ್ಡೂ ಮುಖಕ್ಕೆ ಬರುತ್ತದೆ. ಆದ್ದರಿಂದ ಬೀಡಿ, ಸಿಗರೇಟು, ಲೈಟರ್ ಹತ್ತಿರ ಬೇಡ. ಕತ್ತಲಿದ್ದರೆ ಮೊಬೈಲ್ ಟಾರ್ಚ್ ಹಿಡಿಯಿರಿ, ಬೆಂಕಿಕಡ್ಡಿ ಗೀರಬೇಡಿ. ಆಯುಧಪೂಜೆಯ ದಿನ ಬಾನೆಟ್ ಎತ್ತಿ ಎಂಜಿನ್ನಿಗೇ ಕರ್ಪೂರದಾರತಿ ಎತ್ತುವವರನ್ನು ನೋಡಿದ್ದೇನೆ. ಆರತಿ ಬಾನೆಟ್ ಮುಚ್ಚಿದ ಮೇಲೆಯೂ ಸಲ್ಲುತ್ತದೆ, ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡು, ಆಸಿಡ್. ಒಳಗಿರುವುದು ನೀರು ಬೆರೆಸಿದ ಗಂಧಕಾಮ್ಲ. ಬಟ್ಟೆಗೆ ಹನಿ ಬಿದ್ದರೆ ಆ ಹೊತ್ತಿಗೆ ಏನೂ ಕಾಣಿಸುವುದಿಲ್ಲ. ಒಗೆದು ಒಣಹಾಕಿದಾಗ ಪ್ಯಾಂಟಿನ ತೊಡೆಯ ಹತ್ತಿರ ಜರಡಿಯ ಹಾಗೆ ತೂತು! ಬಟ್ಟೆಯಾದರೆ ಹೋಗಲಿ, ಕಣ್ಣಿಗೆ ಬಿದ್ದರೆ? ಅದಕ್ಕೇ ಸುತ್ತಲೂ ಮುಚ್ಚುವ ಕನ್ನಡಕ ಹಾಕಿಕೊಳ್ಳಿ. ಪವರ್ ಗ್ಲಾಸ್ ಸಾಲದು, ಪಕ್ಕದಿಂದ ಹಾರಿದ್ದನ್ನು ಅದು ತಡೆಯುವುದಿಲ್ಲ. ರಬ್ಬರ್ ಗ್ಲೌಸ್ ಇರಲಿ. ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡೇ ಕೆಲಸ ಶುರು ಮಾಡಿ. ಕಣ್ಣಿಗೆ ತಾಗಿದರೆ ರೆಪ್ಪೆ ಅಗಲಿಸಿ ಕನಿಷ್ಠ 15-20 ನಿಮಿಷ ಬರೀ ನೀರು ಬಿಡುತ್ತಾ ಇರಬೇಕು, ಆಮೇಲೆ ನೇರ ಆಸ್ಪತ್ರೆಗೆ. ಸೋಡಾಪುಡಿ ಕಾರಿನ ಮೇಲೆ ಚೆಲ್ಲಿದ ಆಸಿಡ್ಡಿಗೆ, ಕಣ್ಣಿಗಲ್ಲ.

ಮೂರು, ಶಾರ್ಟ್. ಸೆಲ್ಫ್ ಹೊಡೆಯುವಾಗ, ಅಂದರೆ ಕೀ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ, ಈ ಪುಟ್ಟ ಡಬ್ಬಿ ನೂರು ಆಂಪಿಯರ್ ದಾಟಿ ಕರೆಂಟ್ ಕೊಡುತ್ತದೆ, ಡೀಸೆಲ್ ಎಂಜಿನ್ನಿಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಅದೇ ಕರೆಂಟು ನಿಮ್ಮ ಉಂಗುರದ ಮೂಲಕ ಹರಿದರೆ ಚಿನ್ನ ಕ್ಷಣದಲ್ಲಿ ಕಾದ ಕೆಂಡ. ಉಂಗುರ, ಕಡಗ, ಬಳೆ, ವಾಚು ತೆಗೆದಿಡಿ. ಕೊರಳ ಸರ ಅಂಗಿಯ ಒಳಗೆ ಹೋಗಲಿ. ಸ್ಪ್ಯಾನರ್ ಅನ್ನು ಬ್ಯಾಟರಿಯ ಮೇಲೆ ಇಡುವ ಅಭ್ಯಾಸ ಬಿಡಿ.

ಇಷ್ಟಾದ ಮೇಲೆ ಕಾರನ್ನು ಸಮತಟ್ಟು ಜಾಗದಲ್ಲಿ, ಗಾಳಿಯಾಡುವ ಕಡೆ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಆಟೋಮ್ಯಾಟಿಕ್ ಆದರೆ ಪಾರ್ಕಿಂಗ್‌ಗೆ. ಸೆರಗು, ದುಪ್ಪಟ್ಟಾ, ಉದ್ದ ಕೂದಲು ಗಟ್ಟಿಯಾಗಿ ಕಟ್ಟಿಕೊಳ್ಳಿ. ರೇಡಿಯೇಟರ್ ಫ್ಯಾನ್ ಎಂಜಿನ್ ಆಫ್ ಇದ್ದಾಗಲೂ ಒಮ್ಮೊಮ್ಮೆ ತಾನಾಗಿಯೇ ತಿರುಗುತ್ತದೆ.

ಮೊದಲು ಕಣ್ಣು, ಆಮೇಲೆ ಮೀಟರ್

ಬ್ಯಾಟರಿಯ ಹೊಟ್ಟೆ ಉಬ್ಬಿದೆಯಾ ನೋಡಿ. ಡಬ್ಬಿ ಬಿರುಕು ಬಿಟ್ಟಿದೆಯಾ? ಮೇಲ್ಭಾಗ ಒದ್ದೆಯಾಗಿದೆಯಾ? ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆಯಾ? ಹತ್ತಿರ ಹೋದರೆ ಬಿಸಿ ತಾಗುತ್ತಿದೆಯಾ? ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಅಲ್ಲಿಗೇ ಮುಗಿಯಿತು. ಸೆಲ್ಫ್ ಹೊಡೆಯಬೇಡಿ, ಚಾರ್ಜಿಗೆ ಹಾಕಬೇಡಿ, ಬೇರೆ ಕಾರಿನ ಬ್ಯಾಟರಿಯಿಂದ ಕೇಬಲ್ ಹಾಕಿ ಜಂಪ್ ಕೊಡಬೇಡಿ. ಆ ವಾಸನೆ ಓವರ್‌ಚಾರ್ಜ್ ಆದಾಗ ಬರುವ ಗ್ಯಾಸಿನದು, ವಿಷ ಕೂಡ. ದೂರ ಸರಿದು ತಣಿಯಲು ಬಿಟ್ಟು ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಡಬ್ಬಿ ಚೆನ್ನಾಗಿದ್ದರೆ ಟರ್ಮಿನಲ್ ಕಡೆ, ಅಂದರೆ ಪ್ಲಸ್, ಮೈನಸ್ ಎಂಬ ಎರಡು ಸೀಸದ ಗೂಟಗಳ ಕಡೆ ನೋಡಿ. ಬಿಳಿ, ನೀಲಿ-ಹಸಿರು ಪುಡಿ ಹೂವಿನ ಹಾಗೆ ಅರಳಿದೆಯಾ? ಗೂಟವನ್ನು ಕಚ್ಚಿ ಹಿಡಿದಿರುವ ಕೇಬಲ್ಲಿನ ತುದಿಯೇ ಕ್ಲಾಂಪ್, ಅದನ್ನು ಹಿಡಿದು ಮೆಲ್ಲಗೆ ತಿರುಗಿಸಿ ನೋಡಿ. ಕೈಯಲ್ಲಿ ಅಲ್ಲಾಡಿದರೆ ಸಡಿಲವಾಗಿದೆ ಎಂದೇ ಅರ್ಥ.

ಕೆಲವು ಬ್ಯಾಟರಿಗಳ ಮೇಲೆ ಪುಟ್ಟ ಗಾಜಿನ ಕಣ್ಣು ಇರುತ್ತದೆ. ಹಸಿರು ಕಂಡರೆ ಚೆನ್ನಾಗಿದೆ, ಕಪ್ಪಾದರೆ ಚಾರ್ಜ್ ಮಾಡಿ, ಬಿಳಿಯಾದರೆ ಬದಲಿಸಿ ಎಂದು ಪಕ್ಕದಲ್ಲೇ ಬರೆದಿರುತ್ತಾರೆ. ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ. ಬ್ಯಾಟರಿಯ ಒಳಗೆ ಸೆಲ್ ಎಂಬ ಆರು ಕೋಣೆಗಳಿರುತ್ತವೆ. ಆ ಕಣ್ಣು ನೋಡುವುದು ಆರು ಸೆಲ್‌ಗಳಲ್ಲಿ ಒಂದನ್ನು ಮಾತ್ರ. ಉಳಿದ ಐದರಲ್ಲಿ ಯಾವುದು ಸತ್ತಿದ್ದರೂ ಅದು ಹಸಿರಾಗಿಯೇ ನಗುತ್ತಿರುತ್ತದೆ.

ನಿಂತ ಕಾರಿನ ವೋಲ್ಟ್

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು, ದುಬಾರಿಯದು ಬೇಡ. ಕಪ್ಪು ವೈರನ್ನು 'ಕಾಮ್' ಎಂದು ಬರೆದ ತೂತಿಗೂ, ಕೆಂಪು ವೈರನ್ನು ವೋಲ್ಟ್ ಎಂದಿರುವ ತೂತಿಗೂ ಹಾಕಿ. ಡಯಲ್ ಅನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಇಲ್ಲೊಂದು ಜಾಗದಲ್ಲಿ ಕೈ ತಡೆದು ಎರಡು ಸಲ ನೋಡಿ: ಕೆಂಪು ವೈರ್ 10 ಆಂಪಿಯರ್ ಎಂದು ಬರೆದ ತೂತಿನಲ್ಲಿ ಇದೆಯಾ? ಹಾಗಿದ್ದು ಟರ್ಮಿನಲ್ಲಿಗೆ ತಾಗಿಸಿದರೆ ಮೀಟರಿನ ಮೂಲಕವೇ ಬ್ಯಾಟರಿ ಶಾರ್ಟ್ ಆಗುತ್ತದೆ. ಪುಣ್ಯವಿದ್ದರೆ ಫ್ಯೂಸ್ ಹಾರುತ್ತದೆ, ಇಲ್ಲದಿದ್ದರೆ ಮೀಟರ್ ಕೈಯಲ್ಲೇ ಸುಡುತ್ತದೆ.

ಈಗಷ್ಟೇ ಓಡಿಸಿ ತಂದ ಕಾರಿನ ವೋಲ್ಟ್ ನೋಡಿದರೆ ಮೋಸ ಹೋಗುತ್ತೀರಿ. ಚಾರ್ಜ್ ಆದ ಹೊಸತರಲ್ಲಿ ಬ್ಯಾಟರಿಯೊಳಗಿನ ಸೀಸದ ಪ್ಲೇಟಿನ ಮೇಲ್ಮೈಯಲ್ಲಿ ಒಂದು ತೆಳು ಚಾರ್ಜ್ ಕೂತಿರುತ್ತದೆ, ನೊರೆ ಬಂದ ಕಾಫಿಯ ಹಾಗೆ. ಲೋಟ ತುಂಬಿದಂತೆ ಕಾಣುತ್ತದೆ, ನೊರೆ ಇಳಿದ ಮೇಲೆ ಮುಕ್ಕಾಲು ಅಷ್ಟೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಮೊದಲ ಕೆಲಸವಾಗಿ ಅಳೆಯುವುದು ಒಳ್ಳೆಯದು. ಅಷ್ಟು ಹೊತ್ತು ಕಾಯಲಾಗದಿದ್ದರೆ ಹೆಡ್‌ಲೈಟನ್ನು ಎರಡು ನಿಮಿಷ ಹಾಕಿ ಆರಿಸಿ, ಐದು ನಿಮಿಷ ಬಿಟ್ಟು ನೋಡಿ. ಬಾಗಿಲು ಮುಚ್ಚಿರಲಿ, ಒಳಗಿನ ದೀಪ ಉರಿಯುತ್ತಿರುವುದು ಬೇಡ.

ಮೀಟರಿನ ವೈರಿನ ಚೂಪು ತುದಿಗೆ ಪ್ರೋಬ್ ಎನ್ನುತ್ತಾರೆ. ಕೆಂಪು ಪ್ರೋಬ್ ಪ್ಲಸ್‌ಗೆ, ಕಪ್ಪು ಪ್ರೋಬ್ ಮೈನಸ್‌ಗೆ. ಕ್ಲಾಂಪಿಗಲ್ಲ, ನಡುವೆ ಕಾಣುವ ಸೀಸದ ಗೂಟಕ್ಕೇ ಒತ್ತಿ ಹಿಡಿಯಿರಿ. ಎರಡು ಪ್ರೋಬ್‌ಗಳ ತುದಿ ಒಂದಕ್ಕೊಂದು ತಾಗಬಾರದು.

12.6 ಅಥವಾ ಮೇಲಿದ್ದರೆ ತುಂಬಿದೆ. 12.4 ಎಂದರೆ ಸುಮಾರು ಮುಕ್ಕಾಲು. 12.2 ಅರ್ಧ. 12.0 ಕಾಲು ಭಾಗ. 11.8 ಎಂದರೆ ಹೆಚ್ಚುಕಡಿಮೆ ಖಾಲಿ. ನೋಡಿ, ತುಂಬಿದ್ದಕ್ಕೂ ಖಾಲಿಗೂ ಒಂದು ವೋಲ್ಟ್ ಕೂಡ ವ್ಯತ್ಯಾಸ ಇಲ್ಲ. "ಹನ್ನೆರಡು ತೋರಿಸ್ತಿದೆಯಲ್ಲ, ಸರಿ ಇದೆ" ಎನ್ನುವವರು ಎಡವುವುದು ಇಲ್ಲೇ. ಹನ್ನೆರಡು ಎಂದರೆ ಸರಿಯಿಲ್ಲ ಎಂದರ್ಥ. 10.5ರ ಆಸುಪಾಸಿನಲ್ಲಿ ನಿಂತು, ಚಾರ್ಜ್ ಮಾಡಿದರೂ ಮೇಲೇಳದಿದ್ದರೆ ಒಂದು ಸೆಲ್ ಹೋಗಿರುವ ಅನುಮಾನ. ಒಂದೊಂದು ಸೆಲ್ಲಿಗೆ ಎರಡು ವೋಲ್ಟ್ ಚಿಲ್ಲರೆ, ಆರು ಸೇರಿ 12.6. ಒಂದು ಕಳೆದರೆ ಎಷ್ಟಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಎಂಜಿನ್ ತಾನೇ ನಿಂತು ತಾನೇ ಹೊತ್ತಿಕೊಳ್ಳುವ ಕಾರುಗಳಲ್ಲಿ ಕೆಲವಕ್ಕೆ ಎಜಿಎಂ ಎಂಬ ಬಗೆಯ ಬ್ಯಾಟರಿ ಇರುತ್ತದೆ. ಅದು ತುಂಬಿದಾಗ 12.8ರ ಹತ್ತಿರ ತೋರಿಸುತ್ತದೆ.

ವೋಲ್ಟ್ ಕಡಿಮೆ ಇದ್ದ ಮಾತ್ರಕ್ಕೆ ಬ್ಯಾಟರಿ ಸತ್ತಿದೆ ಎಂದಲ್ಲ. ಹಸಿದಿದೆ ಅಷ್ಟೆ. 12.4ಕ್ಕಿಂತ ಕೆಳಗಿದ್ದರೆ ಮುಂದಿನ ಪರೀಕ್ಷೆಗೆ ಮೊದಲು ಚಾರ್ಜ್ ಮಾಡಿ. 45 ಆಂಪಿಯರ್-ಅವರ್ ಬ್ಯಾಟರಿಗೆ 4-5 ಆಂಪಿಯರಿನಲ್ಲಿ ನಿಧಾನಕ್ಕೆ, ರಾತ್ರಿಯಿಡೀ ಬೇಕಾಗಬಹುದು. ಹಸಿದ ಬ್ಯಾಟರಿಗೆ ಲೋಡ್ ಟೆಸ್ಟ್, ಅಂದರೆ ಭಾರ ಹೊರಿಸುವ ಪರೀಕ್ಷೆ, ಮಾಡುವುದು ಉಪವಾಸ ಇದ್ದವನನ್ನು ಓಟಕ್ಕೆ ನಿಲ್ಲಿಸಿದ ಹಾಗೆ. ಹಾಗೆಂದು ಚಾರ್ಜ್ ಇಳಿದದ್ದನ್ನು ವಾರಗಟ್ಟಲೆ ಹಾಗೇ ಬಿಡಲೂಬಾರದು. ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ.

ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯುತ್ತದೆ?

ನಿಂತಾಗ 12.6 ತೋರಿಸುವ ಬ್ಯಾಟರಿಯೂ ಕೆಟ್ಟಿರಬಹುದು. ಭಾರ ಹೊರಿಸಿದಾಗಲೇ ಗೊತ್ತಾಗುವುದು. ನನ್ನ ಮಟ್ಟಿಗೆ ಈ ಪರೀಕ್ಷೆಯ ಮುಂದೆ ಬೇರೆಲ್ಲ ಆಮೇಲಿನದು.

ಮನೆಯವರನ್ನೋ ಪಕ್ಕದ ಮನೆಯವರನ್ನೋ ಸೀಟಿನಲ್ಲಿ ಕೂರಿಸಿ. ನೀವು ಪ್ರೋಬ್‌ಗಳನ್ನು ಗೂಟಕ್ಕೆ ಒತ್ತಿ, ಮುಖವನ್ನು ಬ್ಯಾಟರಿಯ ಮೇಲಿಂದ ಹಿಂದಕ್ಕೆ ತಂದು, ವೈರ್‌ಗಳು ಫ್ಯಾನ್ ಬೆಲ್ಟಿನ ಕಡೆ ಜೋತು ಬೀಳದಂತೆ ಹಿಡಿದು "ಹ್ಞೂಂ, ಹೊಡಿ" ಎನ್ನಿ. ಎಂಜಿನ್ ತಿರುಗುವ ಆ ಒಂದೆರಡು ಕ್ಷಣ ಕಣ್ಣು ಮೀಟರಿನ ಮೇಲೇ ಇರಲಿ.

ಒಳ್ಳೆಯ ಬ್ಯಾಟರಿ 10ರ ಮೇಲೇ ನಿಲ್ಲುತ್ತದೆ. ನಮ್ಮ ಹವೆಯಲ್ಲಿ 9.6 ವೋಲ್ಟನ್ನು ಗೆರೆ ಎಂದಿಟ್ಟುಕೊಳ್ಳಿ. ತುಂಬಿದ ಬ್ಯಾಟರಿಯೇ ಅದಕ್ಕಿಂತ ಕೆಳಗೆ ಜಾರಿದರೆ ಅದರ ಕಾಲ ಬಂತು. ಎಂಟಕ್ಕೋ ಏಳಕ್ಕೋ ಕುಸಿದರೆ ಮಾತೇ ಇಲ್ಲ.

ಒಂದು ತೊಡಕಿದೆ. ಈಗಿನ ಪೆಟ್ರೋಲ್ ಕಾರು ಅರ್ಧ ಸೆಕೆಂಡಿಗೇ ಸ್ಟಾರ್ಟ್ ಆಗಿಬಿಡುತ್ತದೆ. ಅಗ್ಗದ ಮೀಟರ್ ಸೆಕೆಂಡಿಗೆ ಎರಡು-ಮೂರು ಸಲವಷ್ಟೇ ಅಳೆಯುವುದರಿಂದ ಕನಿಷ್ಠ ಅಂಕಿ ತಪ್ಪಿಹೋಗಬಹುದು. ಕನಿಷ್ಠ-ಗರಿಷ್ಠ ಹಿಡಿದಿಡುವ ಬಟನ್ ನಿಮ್ಮ ಮೀಟರಿನಲ್ಲಿದ್ದರೆ ಒತ್ತಿ. ಇಲ್ಲದಿದ್ದರೆ ಸ್ವಲ್ಪ ಬಿಡುವು ಕೊಟ್ಟು ಎರಡು-ಮೂರು ಸಲ ಮಾಡಿ, ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಬರೆದುಕೊಳ್ಳಿ.

ಸಹಾಯಕ್ಕೆ ಯಾರೂ ಇಲ್ಲವಾ? ಹಾಗಿದ್ದರೆ ಎಂಜಿನ್ ಆಫ್ ಇಟ್ಟು ಹೆಡ್‌ಲೈಟ್ ಹಾಕಿ ಮೀಟರ್ ನೋಡುತ್ತಾ ನಿಲ್ಲಿ. ಹ್ಯಾಲೊಜೆನ್ ಬಲ್ಬಾದರೆ ಎರಡೂ ಸೇರಿ ಸುಮಾರು 110 ವ್ಯಾಟ್, ಒಂಬತ್ತು ಆಂಪಿಯರ್ ಎಳೆಯುತ್ತವೆ. ಗಟ್ಟಿ ಬ್ಯಾಟರಿ ಸ್ವಲ್ಪ ಇಳಿದು 12ರ ಮೇಲೆ ನಿಂತುಬಿಡುತ್ತದೆ. ಸೋತದ್ದು ನೋಡನೋಡುತ್ತಿದ್ದಂತೆ ಇಳಿಯುತ್ತಲೇ ಹೋಗುತ್ತದೆ. ಎಲ್‌ಇಡಿ ದೀಪದ ಕಾರಿಗೆ ಇದು ಅಷ್ಟು ಉಪಯೋಗವಿಲ್ಲ, ಅವು ಎಳೆಯುವುದೇ ಕಡಿಮೆ.

ಹಳೆಯ ಕಾಲದ ಒಂದು ಪರೀಕ್ಷೆ ಈಗಲೂ ಕೆಲವರಲ್ಲಿ ಉಳಿದಿದೆ: ಪ್ಲಸ್ ಮೈನಸ್ ನಡುವೆ ವೈರ್ ತುಂಡು ತಾಗಿಸಿ ಕಿಡಿ ಹಾರಿಸಿ ನೋಡುವುದು. "ಕಿಡಿ ಜೋರಾಗಿದೆ, ಬ್ಯಾಟರಿ ಚೆನ್ನಾಗಿದೆ" ಎನ್ನುತ್ತಾರೆ. ಹೈಡ್ರೋಜನ್ ಹೊರಬರುವ ಜಾಗದಲ್ಲೇ ಕಿಡಿ! ನಿಮ್ಮ ಕಾರಿಗೆ ಯಾರಾದರೂ ಹೀಗೆ ಮಾಡಲು ಹೊರಟರೆ ಸಂಕೋಚ ಬಿಟ್ಟು ಬೇಡ ಎನ್ನಿ.

ಆ ದಿನ ಸಿಕ್ಕಿದ್ದು

ನನ್ನ ಕಾರಿಗೆ ಬರೋಣ. ನಿಂತಾಗ ಗೂಟದ ಮೇಲೆ 12.4 ಇತ್ತು. ಹತ್ತು ದಿನ ನಿಂತ ಕಾರಿಗೆ ಅದು ತಪ್ಪಲ್ಲ. ಹೆಂಡತಿಗೆ ಕೀ ತಿರುಗಿಸಲು ಹೇಳಿದೆ. ಟಕ್. ಮೀಟರಿನಲ್ಲಿ 12.2. ಇಳಿಯಲೇ ಇಲ್ಲ!

ಇಲ್ಲಿ ಒಂದು ಕ್ಷಣ ಯೋಚಿಸಿ. ಬ್ಯಾಟರಿ ಸತ್ತಿದ್ದರೆ ಎಂಟೋ ಒಂಬತ್ತೋ ತೋರಿಸಬೇಕಿತ್ತು. ಅಷ್ಟು ಇಳಿದಿಲ್ಲ ಎಂದರೆ ಬೇಕಾದಷ್ಟು ಕರೆಂಟು ಹೊರಗೆ ಹೋಗಿಯೇ ಇಲ್ಲ. ದಾರಿಯಲ್ಲಿ ಏನೋ ಅಡ್ಡ ನಿಂತಿದೆ. ಕಪ್ಪು ಪ್ರೋಬನ್ನು ಮೈನಸ್ ಗೂಟದಿಂದ ಎತ್ತಿ, ಅರ್ಧ ಇಂಚು ಪಕ್ಕದ ಕ್ಲಾಂಪಿನ ಲೋಹಕ್ಕೆ ಒತ್ತಿದೆ. ಮತ್ತೆ ಕೀ. ಈ ಸಲ 6 ಚಿಲ್ಲರೆ. ಗೂಟಕ್ಕೂ ಕ್ಲಾಂಪಿಗೂ ನಡುವಿನ ಆ ಕೂದಲೆಳೆ ಜಾಗದಲ್ಲಿ ಆರು ವೋಲ್ಟ್ ಮಾಯ. ಕ್ಲಾಂಪ್ ಬಿಚ್ಚಿ ನೋಡಿದರೆ ಒಳಸುತ್ತಿನಲ್ಲಿ ಬೂದಿಬಣ್ಣದ ಪದರ, ತಟ್ಟೆಗೆ ಹಿಡಿದ ಸುಣ್ಣದ ಕರೆಯ ಹಾಗೆ.

ನೀವೂ ಹೀಗೆ ನೋಡಬಹುದು. ಒಂದು ಪ್ರೋಬ್ ಗೂಟಕ್ಕೆ, ಇನ್ನೊಂದು ಅದೇ ಗೂಟದ ಕ್ಲಾಂಪಿಗೆ ಹಿಡಿದು ಸೆಲ್ಫ್ ಹೊಡೆಸಿ. ಸೊನ್ನೆಯ ಹತ್ತಿರ ಇರಬೇಕು. 0.2, 0.3 ದಾಟಿದರೆ ಅಲ್ಲಿ ಕೊಳೆಯೋ ಸಡಿಲವೋ ಇದೆ. ಎರಡೂ ಕಡೆ ನೋಡಿ.

ಕ್ಲೀನ್ ಮಾಡುವಾಗ ಕ್ರಮ ಮುಖ್ಯ. ಕೀ ತೆಗೆದು ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಕಾರಿನ ಬಾಡಿಯೆಲ್ಲ ಮೈನಸ್‌ಗೆ ಸೇರಿರುತ್ತದೆ. ಮೈನಸ್ ಇನ್ನೂ ಇರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ವೆಲ್ಡಿಂಗ್ ಶಾಪ್ ಆಗುತ್ತದೆ. ಮೈನಸ್ ಮೊದಲೇ ತೆಗೆದಿದ್ದರೆ ತಾಗಿದರೂ ಏನೂ ಆಗುವುದಿಲ್ಲ. ಹೆಚ್ಚಿನ ಕಾರುಗಳಿಗೆ 10 ನಂಬರ್ ಸ್ಪ್ಯಾನರ್ ಸಾಕು. ಗಡಿಯಾರ, ರೇಡಿಯೋ ಸೆಟ್ಟಿಂಗ್ ಹೋಗಬಹುದು, ಸ್ಟೀರಿಯೋಗೆ ಕೋಡ್ ಇದ್ದರೆ ಮೊದಲೇ ಹುಡುಕಿಟ್ಟುಕೊಳ್ಳಿ.

ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ನೊರೆ ಬಂದರೆ ಸೋಡಾ ಆಸಿಡ್ಡಿನ ಶಕ್ತಿಯನ್ನು ಕುಂದಿಸುತ್ತಿದೆ ಎಂದರ್ಥ. ಆ ನೀರು ಬ್ಯಾಟರಿಯ ಮುಚ್ಚಳದ ಸಂದಿಯಿಂದ ಒಳಗೆ ಇಳಿಯದಂತೆ ನೋಡಿಕೊಳ್ಳಿ. ಒರೆಸಿ ಒಣಗಿಸಿ. ಗೂಟವನ್ನೂ ಕ್ಲಾಂಪಿನ ಒಳಸುತ್ತನ್ನೂ ಮರಳುಕಾಗದದಿಂದ ಹೊಳೆಯುವವರೆಗೆ ತಿಕ್ಕಿ. ಕ್ಲಾಂಪನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಡಿ, ಸೀಸ ಮೆದು, ಒಳಗೆ ಸೀಳುತ್ತದೆ. ಬಿಗಿ ಮಾಡಿದ ಮೇಲೆ ಹೊರಗಡೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಅರ್ಧ ಗಂಟೆಯ ಕೆಲಸ. ಕಾರು ಮೊದಲ ಸೆಲ್ಫಿಗೇ ಎದ್ದಿತು. ಆ "ಹೋದ" ಬ್ಯಾಟರಿ ಅಲ್ಲಿಂದ ಇನ್ನೂ ಹದಿನಾಲ್ಕು ತಿಂಗಳು ಓಡಿತು.

ಎಂಜಿನ್ ಓಡುವಾಗ

ಬ್ಯಾಟರಿ ಪದೇಪದೇ ಡೌನ್ ಆಗುತ್ತಿದ್ದರೆ ತಪ್ಪು ಅದಕ್ಕೆ ಚಾರ್ಜ್ ತುಂಬುವ ಆಲ್ಟರ್ನೇಟರಿನದೂ ಇರಬಹುದು. ಎಂಜಿನ್ ಚಾಲೂ ಇಟ್ಟು ಬ್ಯಾಟರಿಯ ವೋಲ್ಟ್ ನೋಡಿ. 13.8ರಿಂದ 14.7ರ ನಡುವೆ ಇರಬೇಕು. ಎಸಿ, ಹೆಡ್‌ಲೈಟ್ ಹಾಕಿ ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗಲೂ ಹದಿಮೂರೂವರೆಯ ಮೇಲಿರಲಿ. 12.5ರಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿ ಅಲ್ಲೇ ನಿಂತರೆ ವೋಲ್ಟನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ಆದರೆ ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಏರಿಸಿ ಇಳಿಸುವುದುಂಟು. ಅಂಥ ಕಾರಿನಲ್ಲಿ ಒಂದು ಸಲದ ಅಂಕಿ ನೋಡಿ ತೀರ್ಮಾನ ಮಾಡಬೇಡಿ.

ಎಂಜಿನ್ ಓಡುವಾಗ ಟರ್ಮಿನಲ್ ಕಿತ್ತು "ಆಫ್ ಆಗುತ್ತಾ ನೋಡೋಣ" ಎನ್ನುವ ಪರೀಕ್ಷೆ ಅಂಬಾಸಿಡರ್ ಕಾಲದ್ದು. ಈಗಿನ ಕಾರಿನಲ್ಲಿ ಹಾಗೆ ಕಿತ್ತರೆ ವೋಲ್ಟೇಜ್ ದಿಢೀರನೆ ಜಿಗಿದು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಸುಡಬಹುದು. ಹೊಸ ಬ್ಯಾಟರಿಯ ಎಷ್ಟೋ ಪಟ್ಟು ಬೆಲೆ ಅದಕ್ಕೆ.

ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ

ಮೇಲೆ ಆರು ಮುಚ್ಚಳ ಇದ್ದರೆ ಹೈಡ್ರೋಮೀಟರಿನಿಂದ ಒಂದೊಂದು ಸೆಲ್ಲನ್ನೂ ಬೇರೆ ಬೇರೆ ನೋಡಬಹುದು. ಪಿಚಕಾರಿಯ ಹಾಗೆ ಆಸಿಡ್ ಎಳೆದು, ಒಳಗಿನ ತೇಲುಬುರುಡೆ ಎಲ್ಲಿ ನಿಂತಿದೆ ಎಂದು ಕಣ್ಣಿನ ಮಟ್ಟದಲ್ಲಿ ಓದಿ, ಅದೇ ಸೆಲ್ಲಿಗೆ ವಾಪಸ್ ಬಿಡಬೇಕು. ಕನ್ನಡಕ ಇಲ್ಲದೆ ಈ ಕೆಲಸ ಬೇಡ. ಅದು ತೋರಿಸುವುದು ಗ್ರಾವಿಟಿ, ಅಂದರೆ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದನ್ನು. ತುಂಬಿದ ಸೆಲ್ 1.260ರ ಆಸುಪಾಸಿನಲ್ಲಿರುತ್ತದೆ. ಬಿಸಿ ಹವೆಗೆಂದು ಮಾಡಿದ ಬ್ಯಾಟರಿಗೆ 1.240 ಇಡುವುದೂ ಇದೆ, ಲೇಬಲ್ ನೋಡಿಕೊಳ್ಳಿ. ಅಂಗಡಿಯವರು ಚುಕ್ಕೆ ಬಿಟ್ಟು "ಗ್ರಾವಿಟಿ ಸಾವಿರದಿನ್ನೂರೈವತ್ತು" ಎಂದು ಓದುತ್ತಾರೆ.

ಒಂದು ಚಿಕ್ಕ ಲೆಕ್ಕ ನನಗೆ ಇಷ್ಟ. ಗ್ರಾವಿಟಿಗೆ 0.84 ಕೂಡಿಸಿದರೆ ಆ ಸೆಲ್ಲಿನ ವೋಲ್ಟ್ ಸಿಗುತ್ತದೆ. 1.26ಕ್ಕೆ 0.84 ಸೇರಿದರೆ 2.10, ಆರರಿಂದ ಗುಣಿಸಿದರೆ 12.6. ಅದೇ 1.240 ಆದರೆ 12.48. ಅಂದರೆ ಕೆಲವು ಬ್ಯಾಟರಿಗಳು ತುಂಬಿದ್ದರೂ ಹನ್ನೆರಡೂವರೆಯನ್ನೇ ತೋರಿಸುತ್ತವೆ. ಮೇಲೆ ಕೊಟ್ಟ ಅಂಕಿಗಳನ್ನು ಕಲ್ಲಿನ ಮೇಲಿನ ಗೆರೆ ಎಂದುಕೊಳ್ಳಬೇಡಿ.

ಐದು ಸೆಲ್ 1.250 ಇದ್ದು ಒಂದು 1.180 ಇದ್ದರೆ ಆ ಒಂದೇ ಸಾಕು ಬ್ಯಾಟರಿ ಕೆಡಿಸಲು. ಸೆಲ್‌ಗಳ ನಡುವೆ 0.050ಕ್ಕಿಂತ ಹೆಚ್ಚು ಅಂತರ ಇರಬಾರದು.

ನೀರು ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆಸಿಡ್ ಎಂದೂ ಹಾಕಬೇಡಿ. ಮನೆಯ ಫಿಲ್ಟರ್ ನೀರಿನಲ್ಲಿ ಉಪ್ಪಿನಂಶ ಉಳಿದಿರುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ನೋಡಲು ಶುದ್ಧ, ಆದರೆ ಧೂಳು, ಲೋಹದ ಅಂಶ ಸೇರಿರುತ್ತದೆ. ಡಿಸ್ಟಿಲ್ಡ್ ವಾಟರಿಗೆ ಕೊಡುವ ದುಡ್ಡು ಉಳಿಸಿ ಬ್ಯಾಟರಿ ಕಳೆದುಕೊಳ್ಳುವುದು ಯಾಕೆ?

ರಾತ್ರಿ ಇದ್ದದ್ದು ಬೆಳಿಗ್ಗೆ ಇಲ್ಲ

ಬ್ಯಾಟರಿ ಚೆನ್ನಾಗಿದೆ, ಚಾರ್ಜಿಂಗೂ ಸರಿ, ಆದರೂ ಎರಡು ದಿನ ನಿಂತರೆ ಡೌನ್. ಇದು ಸೋರಿಕೆ. ಕಾರು ಮಲಗಿದ್ದಾಗಲೂ ಅಲಾರಂ, ಗಡಿಯಾರಕ್ಕೆಂದು ಸ್ವಲ್ಪ ಕರೆಂಟ್ ಎಳೆಯುತ್ತದೆ. 50 ಮಿಲಿಆಂಪಿಯರ್‌ವರೆಗೆ ಇದ್ದರೆ ಚಿಂತೆಯಿಲ್ಲ. ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. 45ರ ಬ್ಯಾಟರಿ ಅರ್ಧಕ್ಕೆ ಇಳಿಯಲು ಹದಿನೆಂಟು-ಹತ್ತೊಂಬತ್ತು ದಿನ ಬೇಕು. ಅದೇ ಅರ್ಧ ಆಂಪಿಯರ್ ಸೋರಿದರೆ ಎರಡೇ ದಿನ. ಹೊರಗಡೆ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಆಂಪ್ಲಿಫೈಯರ್, ಆರದೆ ಉಳಿದ ಡಿಕ್ಕಿಯ ದೀಪ ಇವುಗಳನ್ನು ಮೊದಲು ಅನುಮಾನಿಸಿ. ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಇದ್ದರೆ ಮೈನಸ್ ಕೇಬಲ್ಲಿಗೆ ಸುತ್ತಿ, ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ನೋಡಿ, ಒಳಗಿನ ಕಂಪ್ಯೂಟರ್‌ಗಳು ನಿದ್ದೆಗೆ ಜಾರಲು ಅಷ್ಟು ಹೊತ್ತು ಬೇಕು. ಸಾಧಾರಣ ಮೀಟರನ್ನು ಕೇಬಲ್ ನಡುವೆ ಸೇರಿಸಿ ಅಳೆಯುವ ದಾರಿಯೂ ಇದೆ. ಆದರೆ ಮರೆತು ಸೆಲ್ಫ್ ಹೊಡೆದರೆ ಮೀಟರ್ ಹೋಗುತ್ತದೆ. ಅಭ್ಯಾಸ ಇಲ್ಲದವರು ಇದನ್ನು ಎಲೆಕ್ಟ್ರಿಷಿಯನ್‌ಗೆ ಬಿಡುವುದೇ ವಾಸಿ.

ಅಂಗಡಿಯ ಯಂತ್ರದ ಮುಂದೆ

ಅಂಗಡಿಯಲ್ಲಿ ಕೈಯಗಲದ ಬ್ಯಾಟರಿ ಟೆಸ್ಟರ್ ಇರುತ್ತದೆ. ಕ್ಲಿಪ್ ಹಾಕಿದ ಕೆಲವೇ ಸೆಕೆಂಡಿನಲ್ಲಿ ಚೀಟಿ ಬರುತ್ತದೆ. ಯಂತ್ರ ಒಳ್ಳೆಯದೇ. ಆದರೆ ಅದಕ್ಕೆ ಮೊದಲು ಹೇಳಿಕೊಡುವುದು ಮನುಷ್ಯ. ನಿಮ್ಮ ಬ್ಯಾಟರಿಯ ಲೇಬಲ್ಲಿನಲ್ಲಿ ಸಿಸಿಎ, ಅಂದರೆ ಚಳಿಯಲ್ಲೂ ಎಂಜಿನ್ ತಿರುಗಿಸುವ ಶಕ್ತಿ, ಎಷ್ಟೆಂದು ಬರೆದಿರುತ್ತದೆ. ಅದು 300 ಇದ್ದು ಹುಡುಗ 500 ಎಂದು ಒತ್ತಿದರೆ, ಗಟ್ಟಿಮುಟ್ಟಾದ ಬ್ಯಾಟರಿಗೂ "ಬದಲಿಸಿ" ಎಂಬ ಚೀಟಿಯೇ ಬರುತ್ತದೆ. ಲೇಬಲ್ಲಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು, ಅವನು ಒತ್ತುವ ಅಂಕಿಯನ್ನು ಪಕ್ಕದಲ್ಲೇ ನಿಂತು ನೋಡಿ. ಲೇಬಲ್ಲಿನ 300ಕ್ಕೆ ಯಂತ್ರ 200ರ ಹತ್ತಿರ ತೋರಿಸಿದರೆ ಹೊಸದಕ್ಕೆ ದುಡ್ಡು ಹೊಂದಿಸಿಕೊಳ್ಳುವ ಸಮಯ. ವಾರಂಟಿ ಕಾರ್ಡ್ ಹುಡುಕುವುದನ್ನು ಮರೆಯಬೇಡಿ.

ಹಳೆಯದನ್ನು ಗುಜರಿಗೆ ಹಾಕಬೇಡಿ. ಸೀಸ ಮಣ್ಣಿಗೆ ಸೇರಿದರೆ ಮಕ್ಕಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದು. ಹೊಸದು ಕೊಳ್ಳುವಾಗ ಹಳೆಯದನ್ನು ಕೊಟ್ಟರೆ ಅಂಗಡಿಯವರು ಬೆಲೆಯಲ್ಲೂ ಕಡಿಮೆ ಮಾಡುತ್ತಾರೆ.

ಯಾವಾಗ ಪರೀಕ್ಷೆ ಮಾಡಬೇಕು? ಬ್ಯಾಟರಿಯನ್ನು ಕೊಲ್ಲುವುದು ಚಳಿಗಿಂತ ಸೆಕೆ. ಏಪ್ರಿಲ್-ಮೇ ಬಿಸಿಲಿನಲ್ಲಿ, ಟ್ರಾಫಿಕ್ಕಿನಲ್ಲಿ ಕುದಿಯುವ ಎಂಜಿನ್ ಪಕ್ಕದಲ್ಲಿ ಅದು ಸೊರಗುತ್ತದೆ. ಸೊರಗಿದ್ದು ಗೊತ್ತಾಗುವುದು ಡಿಸೆಂಬರಿನ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ, ಬೆಳಿಗ್ಗೆ ಆರಕ್ಕೆ ಕೀ ತಿರುಗಿಸಿದಾಗ. ಹಾಗಾಗಿ ನಾನು ಆಯುಧಪೂಜೆಗೆ ಕಾರು ತೊಳೆಯುವ ಮುನ್ನಾದಿನ ಮೀಟರ್ ಹಿಡಿಯುತ್ತೇನೆ. ಮೂರು ಅಂಕಿ: ನಿಂತಾಗ, ಸೆಲ್ಫ್ ಹೊಡೆಯುವಾಗ, ಎಂಜಿನ್ ಓಡುವಾಗ. ಡ್ಯಾಶ್‌ಬೋರ್ಡಿನ ಗೂಡಿನಲ್ಲಿರುವ ಚೀಟಿಯಲ್ಲಿ ಎರಡು ವರ್ಷದ ಹಿಂದಿನ ಸಾಲು 12.6, 10.6, 14.2. ಹೋದ ವರ್ಷದ್ದು 12.6, 10.3, 14.2. ಈ ಸಲದ್ದು 12.5, 9.7, 14.2. ಮನೆಯವಳು ಚೀಟಿ ನೋಡಿ, "ಹಾಗಾದ್ರೆ ದೀಪಾವಳಿಗೆ ಊರಿಗೆ ಹೋಗೋ ಮೊದಲೇ ಹಾಕಿಸ್ಬಿಡಿ" ಅಂದಳು. ಈ ಶನಿವಾರ ಅಂಗಡಿಗೆ ಹೋಗಬೇಕು. ಲೇಬಲ್ಲಿನ ಫೋಟೋ ಮೊಬೈಲಿನಲ್ಲಿದೆ.